ರೌಟರ್ ಕೊಳ್ಳೋಕೆ ಹೋಗಿ ಸ್ವಿಚ್ ತಂದ ಕಥೆ

ಡಬ್ಬ ಒಬ್ಬರೇ ಎತ್ತುವ ಹಾಗಿರಲಿಲ್ಲ. ನಾನೂ ತಮ್ಮನೂ ಸೇರಿ ಹೇಗೋ ಮೇಜಿನ ಮೇಲಿಟ್ಟೆವು. ಒಳಗೆ ಸಿಸ್ಕೋ 2621 ರೌಟರ್ (ಬೇರೆ ಬೇರೆ ನೆಟ್‌ವರ್ಕ್‌ಗಳನ್ನು ಜೋಡಿಸುವ ಪೆಟ್ಟಿಗೆ) ಎರಡು, ಕ್ಯಾಟಲಿಸ್ಟ್ 2950 ಸ್ವಿಚ್ (ಒಂದೇ ನೆಟ್‌ವರ್ಕಿನ ಕಂಪ್ಯೂಟರ್‌ಗಳನ್ನು ಜೋಡಿಸುವ ಪೆಟ್ಟಿಗೆ) ಎರಡು, ದಪ್ಪ ತಲೆಯ ಸೀರಿಯಲ್ ಕೇಬಲ್‌ಗಳು, ಒಂದು ರಾಶಿ ಪವರ್ ಕೇಬಲ್. ನಾನು ಓದುತ್ತಿದ್ದದ್ದು ಸಿಸ್ಕೋ ಕಂಪನಿಯ ಸಿಸಿಎನ್‌ಎ ಅನ್ನೋ ನೆಟ್‌ವರ್ಕಿಂಗ್ ಪರೀಕ್ಷೆಗೆ. ಸಿಸಿಎನ್‌ಎ ಕಿಟ್ ಅಂತ ಹೆಸರಿಟ್ಟು ಎಲ್ಲವನ್ನೂ ಒಟ್ಟಿಗೆ ಮಾರುತ್ತಿದ್ದರು. ಸೆಕೆಂಡ್ ಹ್ಯಾಂಡ್ ಮಾಲು. ನಾನು ಜಾಸ್ತಿ ಯೋಚನೆ ಮಾಡಲಿಲ್ಲ. ಕಿಟ್ ಅಂದಮೇಲೆ ಗೊತ್ತಿರುವವರೇ ಜೋಡಿಸಿರುತ್ತಾರೆ, ನಾನ್ಯಾಕೆ ತಲೆ ಕೆಡಿಸಿಕೊಳ್ಳಲಿ ಅಂದುಕೊಂಡೆ.

ಎಲ್ಲವೂ ಆನ್ ಆಯಿತು. ಎಡವಟ್ಟು ಆಗಿದ್ದೇ ಅಲ್ಲಿ, ಏನಾದರೂ ಕೆಟ್ಟಿದ್ದರೆ ಅವತ್ತೇ ವಾಪಸ್ ಕೊಟ್ಟುಬಿಡುತ್ತಿದ್ದೆ. ಎರಡು ರೌಟರ್ ನಡುವೆ ಸೀರಿಯಲ್ ಕೇಬಲ್ ಸಿಕ್ಕಿಸಿ, ವೇಗ ನಿಗದಿ ಮಾಡುವ ಡಿಸಿಇ ತುದಿ ಯಾವುದು ಅಂತ ಹುಡುಕಿ, ಆ ಕಡೆಗೆ ಕ್ಲಾಕ್ ರೇಟ್ ಕೊಟ್ಟು, ಕೊನೆಗೂ ಲಿಂಕ್ ಅಪ್ ಆದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಫೋಟೋ ಬೇರೆ ತೆಗೆದುಕೊಂಡೆ.

ಮಾರನೇ ದಿನ ಆ ಫೋಟೋವನ್ನು ಆಫೀಸಿನ ನೆಟ್‌ವರ್ಕ್ ಟೀಮಿನ ಹಿರಿಯರೊಬ್ಬರಿಗೆ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿದರು.

"ಯಾವ ಪರೀಕ್ಷೆಗ್ರೀ ಇದು?"

"ಸಿಸಿಎನ್‌ಎಗೆ ಸಾರ್."

"ಅದು ಗೊತ್ತಾಯ್ತು. ಯಾವ ಕಾಲದ ಸಿಸಿಎನ್‌ಎ?"

ನಗಲಿಲ್ಲ ಅವರು. "ಪರೀಕ್ಷೆಯ ಟಾಪಿಕ್ ಪಟ್ಟಿ ಓದಿದ್ದೀರಾ?" ಅಂತ ಕೇಳಿದರು. ಓದಿರಲಿಲ್ಲ. ಪುಸ್ತಕ ತೆಗೆದುಕೊಂಡಿದ್ದೆ, ವಿಡಿಯೋ ನೋಡುತ್ತಿದ್ದೆ, ಡಬ್ಬ ತರಿಸಿದ್ದೆ, ಪಟ್ಟಿ ಮಾತ್ರ ತೆರೆದಿರಲಿಲ್ಲ. ಅದು ಸಿಸ್ಕೋ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುವ ಕೆಲವೇ ಪುಟಗಳ ಪಿಡಿಎಫ್.

ಅವತ್ತು ರಾತ್ರಿ ಕೂತು ಓದಿದೆ. ಈಗಿನ 200-301 ಪರೀಕ್ಷೆ ಶುರುವಾಗಿದ್ದು 2020ರ ಫೆಬ್ರವರಿಯಲ್ಲಿ. ಅದಕ್ಕಿಂತ ಹಿಂದಿನ ಪರೀಕ್ಷೆಯಲ್ಲಿ ಸೀರಿಯಲ್ ಲಿಂಕ್ ಮೇಲೆ ಓಡುವ ಪಿಪಿಪಿ ಇತ್ತು, ಇಐಜಿಆರ್‌ಪಿ (ರೌಟರ್‌ಗಳು ಒಂದಕ್ಕೊಂದು ದಾರಿ ತಿಳಿಸುವ ಒಂದು ರೌಟಿಂಗ್ ಪ್ರೋಟೋಕಾಲ್) ಇತ್ತು. ಹೊಸದರಲ್ಲಿ ಎರಡೂ ಇಲ್ಲ. ರೌಟಿಂಗ್ ಪ್ರೋಟೋಕಾಲ್‌ಗಳಲ್ಲಿ ಕಾನ್ಫಿಗರ್ ಮಾಡೋಕೆ ಬರಬೇಕಾದದ್ದು ಒಂದೇ ಏರಿಯಾದ ಓಎಸ್‌ಪಿಎಫ್ ಮಾತ್ರ. ಅಂದರೆ ನಾನು ಎದ್ದು ನಿಂತು ಫೋಟೋ ತೆಗೆದ ಆ ಸೀರಿಯಲ್ ಲಿಂಕ್ ಪರೀಕ್ಷೆಗೆ ಬೇಕೇ ಇರಲಿಲ್ಲ. ಪಟ್ಟಿಯಲ್ಲಿ ಯಾವ ಭಾಗಕ್ಕೆ ಎಷ್ಟು ತೂಕ ಅಂತಲೂ ಬರೆದಿದ್ದಾರೆ: ನೆಟ್‌ವರ್ಕ್ ಬುನಾದಿಗೆ ಶೇ. 20, ನೆಟ್‌ವರ್ಕ್ ಆಕ್ಸೆಸ್‌ಗೆ 20, ಐಪಿ ಕನೆಕ್ಟಿವಿಟಿಗೆ 25, ಐಪಿ ಸರ್ವಿಸಸ್‌ಗೆ 10, ಸೆಕ್ಯುರಿಟಿಗೆ 15, ಆಟೊಮೇಷನ್‌ಗೆ 10. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದೆ. ಎಡಕ್ಕೆ ಲ್ಯಾಪ್‌ಟಾಪಿನಲ್ಲೇ ಮುಗಿಯುವ ಕೆಲಸ, ಬಲಕ್ಕೆ ನಿಜವಾದ ಪೆಟ್ಟಿಗೆ ಬೇಕಾಗುವ ಕೆಲಸ. ಒಂದೊಂದೇ ಸಾಲು ಬರೆಯುತ್ತಾ ಹೋದರೆ ಎಡಗಡೆ ಪುಟ ತುಂಬಿ ಮುಂದಿನ ಪುಟಕ್ಕೆ ಹೋಯಿತು, ಬಲಗಡೆ ಏಳೆಂಟು ಸಾಲು ದಾಟಲಿಲ್ಲ. ಆ ಏಳೆಂಟರಲ್ಲಿ ಬಹುಪಾಲು ಸ್ವಿಚ್‌ಗೆ ಸೇರಿದ್ದು.

ಕಿಟ್ಟಿನ ರೌಟರ್‌ನಲ್ಲಿ ಇನ್ನೊಂದು ವಿಷಯವೂ ಅದೇ ವಾರ ಗೊತ್ತಾಯಿತು. ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಹಾಕೋಣ ಅಂತ ಕ್ರಿಪ್ಟೋ ಕೀ ಜನರೇಟ್ ಅಂತ ಟೈಪ್ ಮಾಡಿದರೆ ಕ್ರಿಪ್ಟೋ ಅನ್ನೋ ಪದವೇ ಅದಕ್ಕೆ ಗೊತ್ತಿಲ್ಲ. ಸ್ಪೆಲಿಂಗ್ ತಪ್ಪಾಯ್ತೇನೋ ಅಂತ ಮೂರು ಸಲ ನೋಡಿದೆ. ಆಮೇಲೆ ಶೋ ವರ್ಷನ್ ಕೊಟ್ಟು ಐಒಎಸ್ (ಸಿಸ್ಕೋ ಪೆಟ್ಟಿಗೆಗಳ ಆಪರೇಟಿಂಗ್ ಸಿಸ್ಟಮ್) ಫೈಲಿನ, ಅಂದರೆ ಇಮೇಜಿನ ಹೆಸರು ನೋಡಿದರೆ ಅದರಲ್ಲಿ ಕೆ9 ಇಲ್ಲ. ಆ ಎರಡು ಅಕ್ಷರ ಇದ್ದರೆ ಮಾತ್ರ ಎಸ್‌ಎಸ್‌ಎಚ್‌ಗೆ ಬೇಕಾದ ಎನ್‌ಕ್ರಿಪ್ಷನ್ ಇರುತ್ತದೆ. ಇಮೇಜ್ ಬದಲಿಸಿದರಾಯ್ತು ಅಲ್ವಾ ಅಂತೀರಿ, ಆದರೆ ಐಒಎಸ್ ಇಮೇಜ್ ಬಿಟ್ಟಿ ಸಾಮಾನಲ್ಲ, ಸರಿಯಾದ ದಾರಿಯಲ್ಲಿ ಇಳಿಸಿಕೊಳ್ಳಬೇಕಾದರೆ ಸಿಸ್ಕೋ ಜೊತೆ ಸಪೋರ್ಟ್ ಕಾಂಟ್ರಾಕ್ಟ್ ಬೇಕು. ಹಾಗಾಗಿ ಹಳೇ ಪೆಟ್ಟಿಗೆ ಕೊಳ್ಳುವಾಗ ಅದರಲ್ಲಿ ಯಾವ ಇಮೇಜ್ ಇದೆಯೋ ಅದೇ ನಿಮ್ಮ ಇಮೇಜ್ ಅಂತ ತಿಳಿದುಕೊಂಡೇ ಕೊಳ್ಳಬೇಕು.

ಕಿಟ್ ಮಾರಿಬಿಟ್ಟೆ. ಕೊಂಡವರಿಗೆ ಇದು ಹಳೇ ಪಠ್ಯದ್ದು ಅಂತ ಹೇಳಿಯೇ ಕೊಟ್ಟೆ, ಅವರಿಗೆ ಅದೇ ಬೇಕಿತ್ತಂತೆ.

ಮುಂದಿನ ಎರಡು ತಿಂಗಳು ಏನೂ ಕೊಳ್ಳಲಿಲ್ಲ. ಲ್ಯಾಪ್‌ಟಾಪಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ಹಾಕಿಕೊಂಡೆ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಒಂದು ಅಕೌಂಟ್ ತೆರೆದರೆ ಅದು ಪುಕ್ಕಟೆ. ಇದು ನಿಜವಾದ ಐಒಎಸ್ ಓಡಿಸುವುದಿಲ್ಲ, ಐಒಎಸ್ ಥರ ನಟಿಸುತ್ತದೆ. ಕೆಲವು ಕಮಾಂಡ್ ಇರೋದೇ ಇಲ್ಲ. ಆದರೂ ವಿಲ್ಯಾನ್ (ಒಂದೇ ಸ್ವಿಚ್ಚನ್ನು ಹಲವು ನೆಟ್‌ವರ್ಕಾಗಿ ಒಡೆಯೋದು), ಟ್ರಂಕ್ (ಹಲವು ವಿಲ್ಯಾನ್ ಸಾಗಿಸುವ ಲಿಂಕ್), ಓಎಸ್‌ಪಿಎಫ್, ಎಸಿಎಲ್, ನ್ಯಾಟ್, ಡಿಎಚ್‌ಸಿಪಿ, ಎಲ್ಲದಕ್ಕೂ ಕೈ ಪಳಗುತ್ತದೆ. ವೈಫೈ ಆಕ್ಸೆಸ್ ಪಾಯಿಂಟ್‌ಗಳನ್ನು ನಡೆಸುವ ವೈರ್‌ಲೆಸ್ ಕಂಟ್ರೋಲರ್ ಬೇಕಲ್ಲ ಅಂತ ಹಳೇ ಆಕ್ಸೆಸ್ ಪಾಯಿಂಟ್ ಹುಡುಕುತ್ತಾ ಹೋಗಬೇಡಿ, ಅದೂ ಇದರೊಳಗೇ ಇದೆ. ಹಳೇ ಆಕ್ಸೆಸ್ ಪಾಯಿಂಟಿನಲ್ಲಿ ಇಮೇಜ್ ಹೆಸರು ಕೆ9ಡಬ್ಲ್ಯು7 ಆದರೆ ಅದು ಸ್ವತಂತ್ರವಾಗಿ ಓಡುತ್ತದೆ, ಕೆ9ಡಬ್ಲ್ಯು8 ಆದರೆ ಕಂಟ್ರೋಲರ್ ಇಲ್ಲದೆ ಸುಮ್ನೆ ಕೂತಿರುತ್ತದೆ. ಆ ತಲೆನೋವು ಈ ಪರೀಕ್ಷೆಗೆ ಬೇಡ.

ಆಮೇಲೆ ಜಿಎನ್‌ಎಸ್ 3. ಇದರ ಜೊತೆ ಬರುವ ಡೈನಮಿಪ್ಸ್ ಹಳೇ ಸಿಸ್ಕೋ ರೌಟರ್‌ನ ಹಾರ್ಡ್‌ವೇರನ್ನೇ ಲ್ಯಾಪ್‌ಟಾಪಿನೊಳಗೆ ಅನುಕರಿಸಿ ಅದರ ಮೇಲೆ ಅಸಲಿ ಐಒಎಸ್ ಓಡಿಸುತ್ತದೆ, ಇಮೇಜ್ ಮಾತ್ರ ನಾವೇ ತರಬೇಕು. ಮೊದಲ ಸಲ ಎರಡೇ ರೌಟರ್ ಓಡಿಸಿದ್ದಕ್ಕೆ ಲ್ಯಾಪ್‌ಟಾಪ್ ಬಿಸಿಯಾಗಿ ಕೂಗಾಡಿತು. ಐಡಲ್ ಪಿಸಿ ಅನ್ನೋ ಒಂದು ಸಂಖ್ಯೆ ಸರಿಯಾಗಿ ಕೊಡದಿದ್ದರೆ ಸುಮ್ಮನಿರುವ ರೌಟರ್ ಕೂಡ ಪ್ರೊಸೆಸರನ್ನು ಪೂರ್ತಿ ತಿನ್ನುತ್ತದೆ ಅಂತ ಆಮೇಲೆ ತಿಳಿಯಿತು. ಇಮೇಜಿನ ಗೋಜೇ ಬೇಡ ಅನ್ನುವವರಿಗೆ ಸಿಸ್ಕೋದವರದ್ದೇ ಸಿಎಂಎಲ್ ಅನ್ನೋ ಲ್ಯಾಬ್ ಸಾಫ್ಟ್‌ವೇರ್ ಇದೆ, ಇಮೇಜ್‌ಗಳು ಅದರ ಜೊತೆಗೇ ಬರುತ್ತವೆ. ದುಡ್ಡು ಕೊಟ್ಟರೆ ಪರ್ಸನಲ್ ಆವೃತ್ತಿಯಲ್ಲಿ 20 ನೋಡ್ (ಅಂದರೆ 20 ವರ್ಚುವಲ್ ಸಾಧನ), 2.8 ಆವೃತ್ತಿಯಿಂದ ಈಚೆಗೆ 5 ನೋಡಿನ ಪುಕ್ಕಟೆಯದೂ ಉಂಟು. ಐದು ನೋಡಿನಲ್ಲಿ ಓಎಸ್‌ಪಿಎಫ್ ಅಭ್ಯಾಸ ಆರಾಮಾಗಿ ಆಗುತ್ತದೆ.

ಇಷ್ಟು ಹೊತ್ತಿಗೆ ಒಂದು ವಿಷಯ ನನ್ನ ತಲೆಗೆ ಹೋಯಿತು, ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ಡಬ್ಬ ತರಿಸುತ್ತಲೇ ಇರಲಿಲ್ಲ. ಸಿಸಿಎನ್‌ಎ ಮಟ್ಟದಲ್ಲಿ ನಾವು ನೋಡುವ ಈ ಸಣ್ಣ ರೌಟರ್‌ಗಳು ಪ್ಯಾಕೆಟ್ ಸಾಗಿಸುವುದು ಸಾಫ್ಟ್‌ವೇರಿನಲ್ಲಿ, ಪ್ರೊಸೆಸರಿನ ಮೇಲೆ. ಅದನ್ನು ಲ್ಯಾಪ್‌ಟಾಪ್ ಕೂಡ ಮಾಡಬಲ್ಲದು, ಆದ್ದರಿಂದ ವರ್ಚುವಲ್ ರೌಟರ್ ಅಸಲಿ ರೌಟರ್ ಥರವೇ ನಡೆದುಕೊಳ್ಳುತ್ತದೆ. ಸ್ವಿಚ್ ಹಾಗಲ್ಲ. ಅದರಲ್ಲಿ ಸಾಗಿಸುವ ಕೆಲಸ ನಡೆಯುವುದು ಒಳಗಿನ ವಿಶೇಷ ಚಿಪ್‌ಗಳಲ್ಲಿ. ವರ್ಚುವಲ್ ಸ್ವಿಚ್ ಇಮೇಜ್‌ಗಳು ಇವೆ, ಮೂಲ ಪಾಠಕ್ಕೆ ಸಾಕಾಗುತ್ತವೆ, ಆದರೆ ಅಸಲಿಯಲ್ಲಿರುವುದೆಲ್ಲ ಅವುಗಳಲ್ಲಿ ಇರುತ್ತದೆ ಅನ್ನೋ ಭರವಸೆ ಇಲ್ಲ. ಅಂದರೆ ದುಡ್ಡು ಹಾಕಬೇಕಾದದ್ದು ಸ್ವಿಚ್‌ಗೆ, ರೌಟರ್‌ಗಿಟ್ಟ ದುಡ್ಡು ಲ್ಯಾಪ್‌ಟಾಪಿನ ರ್‍ಯಾಮ್‌ಗೆ. ನಾನು 16 ಜಿಬಿ ಮಾಡಿಸಿದೆ. ಇಡೀ ಲ್ಯಾಬಿನಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಖರೀದಿ ಅದೇ. ಲ್ಯಾಬ್ ಬಿಟ್ಟಮೇಲೂ ಉಳಿಯುವಂಥದ್ದು ಬೇರೆ.

ಈಗ ಸ್ವಿಚ್ ಹುಡುಕಾಟ. ಈ ಸಲ ಆತುರ ಪಡಲಿಲ್ಲ. 2950 ತೀರಾ ಹಳತು, ಅದರ ಪೋರ್ಟ್‌ಗಳಿಗೆ ಆಟೊ ಎಂಡಿಐಎಕ್ಸ್ ಕೂಡ ಇಲ್ಲ, ಎರಡು ಸ್ವಿಚ್ ಜೋಡಿಸಬೇಕಾದರೆ ಕ್ರಾಸ್‌ಓವರ್ ಕೇಬಲ್ ಹುಡುಕಬೇಕು. 2960 ಸಾಕು. ಅದರ ಜೊತೆ ಲೇಯರ್ 3 (ಸ್ವಿಚ್ಚೇ ರೌಟಿಂಗ್ ಮಾಡೋದು) ಅಭ್ಯಾಸಕ್ಕೆ ಒಂದು 3560. 3550 ಅಗ್ಗಕ್ಕೆ ಸಿಗುತ್ತದೆ, ಅದೂ ಲೇಯರ್ 3 ಸ್ವಿಚ್ಚೇ, ಆದರೆ ಐಪಿವಿ6ಗೆ ಅದನ್ನು ನಂಬಬೇಡಿ.

ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಓದಬೇಕು, ಮಾರುವವರು ಸಾಮಾನ್ಯವಾಗಿ 2960 ಅಂತಷ್ಟೇ ಬರೆದಿರುತ್ತಾರೆ. ಡಬ್ಲ್ಯುಎಸ್-ಸಿ2960-24ಟಿಟಿ-ಎಲ್ ಅಂತ ಇದ್ದರೆ ಕೊನೆಯ ಎಲ್ ಅಂದರೆ ಲ್ಯಾನ್ ಬೇಸ್ ಅನ್ನೋ ಸಾಫ್ಟ್‌ವೇರ್ ದರ್ಜೆ. ಅಲ್ಲಿ ಎಸ್ ಇದ್ದರೆ ಲ್ಯಾನ್ ಲೈಟ್, ಅದರಲ್ಲಿ ಸೌಲಭ್ಯ ಕಮ್ಮಿ, ಬಿಟ್ಟುಬಿಡಿ. ಆದರೆ ಅದೇ ಎಸ್ 3560ರ ಕೊನೆಯಲ್ಲಿ ಬಂದರೆ ಐಪಿ ಬೇಸ್ ಅಂತ ಅರ್ಥ, ಅದು ನಮಗೆ ಧಾರಾಳ ಸಾಕು. ಒಂದೇ ಅಕ್ಷರ, ಒಂದು ಕಡೆ ಬೇಡ, ಇನ್ನೊಂದು ಕಡೆ ಬೇಕು. ಮಧ್ಯದಲ್ಲಿರುವ ಅಕ್ಷರಗಳನ್ನೂ ನೋಡಬೇಕಿತ್ತು ನಾನು. ನೋಡಲಿಲ್ಲ. ನನಗೆ ಬಂದ 3560 ಒಂದು 24ಪಿಎಸ್-ಎಸ್. ಆ ಪಿ ಅಂದರೆ ಕೇಬಲ್ ಮೂಲಕವೇ ಫೋನ್, ಕ್ಯಾಮೆರಾಗಳಿಗೆ ಕರೆಂಟ್ ಕೊಡುವ ಪಿಒಇ. ಅದಕ್ಕೋಸ್ಕರ ಒಳಗೆ ದೊಡ್ಡ ಪವರ್ ಸಪ್ಲೈ, ಅದನ್ನು ತಣ್ಣಗಿಡೋಕೆ ಫ್ಯಾನ್. ಆನ್ ಮಾಡಿದ ಮರುಕ್ಷಣ ಪಕ್ಕದ ಕೋಣೆಯಿಂದ ತಮ್ಮ ಕೂಗಿದ: "ಅಣ್ಣಾ, ನಿನ್ ವಿಮಾನ ಯಾವಾಗ ಹಾರತ್ತೆ?"

ನಂತರ ಕೊಂಡ 2960 ಎಂಟು ಪೋರ್ಟಿನದು, ಫ್ಯಾನೇ ಇಲ್ಲದ 8ಟಿಸಿ-ಎಲ್. ಮಲಗುವ ಕೋಣೆಯಲ್ಲೇ ಲ್ಯಾಬ್ ಇಡುವವರಿದ್ದರೆ ಇದನ್ನೇ ಎರಡು ತಗೊಳ್ಳಿ. ಸಿಸಿಎನ್‌ಎಗೆ 24 ಪೋರ್ಟ್ ಯಾರಿಗೂ ಬೇಡ. ನಾನು ಒಂದು ಸಲಕ್ಕೂ ಒಂದು ಸ್ವಿಚ್ಚಿನಲ್ಲಿ ಆರಕ್ಕಿಂತ ಜಾಸ್ತಿ ಕೇಬಲ್ ಹಾಕಿದ್ದಿಲ್ಲ. ಇನ್ನೊಂದು 2960 ಮಾತ್ರ 24 ಪೋರ್ಟಿನದು, ಸಿಕ್ಕಿದ್ದು ಅದು.

ಮಾರುವವರನ್ನು ಕೇಳಬೇಕಾದದ್ದು ಎರಡು: ಶೋ ವರ್ಷನ್ ಮತ್ತು ಶೋ ಫ್ಲ್ಯಾಶ್ ಕೊಟ್ಟಾಗ ಸ್ಕ್ರೀನಿನಲ್ಲಿ ಬರುವುದರ ಫೋಟೋ. ದೀಪ ಹತ್ತಿರುವ ಮುಂಭಾಗದ ಫೋಟೋ ಯಾರು ಬೇಕಾದರೂ ಕಳಿಸುತ್ತಾರೆ, ಅದರಿಂದ ಕರೆಂಟ್ ಇದೆ ಅಂತ ಮಾತ್ರ ಗೊತ್ತಾಗುತ್ತದೆ. ಆ 24 ಪೋರ್ಟಿನ 2960 ಮಾರಿದವರು ಕನ್ಸೋಲ್ ಕೇಬಲ್ (ಲ್ಯಾಪ್‌ಟಾಪಿನಿಂದ ಸ್ವಿಚ್ಚಿಗೆ ಕಮಾಂಡ್ ಕೊಡೋಕೆ ಬೇಕಾದದ್ದು) ಇಲ್ಲ, ಆದರೆ ಚೆನ್ನಾಗಿದೆ ಅಂದರು. ನಂಬಿ ತಂದೆ. ತಂದು ನೋಡಿದರೆ ಪಾಸ್‌ವರ್ಡ್ ಕೇಳುತ್ತಿದೆ. ಯಾವುದೋ ಆಫೀಸಿನಿಂದ ಕಳಚಿ ಹಾಗೇ ಮಾರಿದ್ದಾರೆ.

ಅದಕ್ಕೂ ಮುಂಚೆ ಕನ್ಸೋಲ್ ಕೇಬಲ್ ವಿಷಯ ಹೇಳಬೇಕು, ಏಕೆಂದರೆ ಒಂದು ಇಡೀ ಭಾನುವಾರ ಅದು ತಿಂದಿದೆ. ಸ್ವಿಚ್ಚಿನ ಕನ್ಸೋಲ್ ಪೋರ್ಟ್‌ಗೆ ಚಪ್ಪಟೆಯಾದ ತಿಳಿನೀಲಿ ಕೇಬಲ್, ಅದರ ಇನ್ನೊಂದು ತುದಿ ಒಂಬತ್ತು ಪಿನ್ನಿನ ಸೀರಿಯಲ್. ಈಗಿನ ಲ್ಯಾಪ್‌ಟಾಪಿನಲ್ಲಿ ಅದೆಲ್ಲಿದೆ? ಯುಎಸ್‌ಬಿ ಅಡಾಪ್ಟರ್ ಬೇಕು. ಸಿಕ್ಕ ಅತಿ ಅಗ್ಗದ್ದು ತಂದೆ. ವಿಂಡೋಸ್ ಅದನ್ನು ಗುರುತಿಸಿತು, ಪಕ್ಕದಲ್ಲೇ ಹಳದಿ ತ್ರಿಕೋನ ಹಾಕಿತು. ಡ್ರೈವರ್ ತೆಗೆದೆ, ಹಾಕಿದೆ, ಹಳೇ ಡ್ರೈವರ್ ಹಾಕಿದೆ, ಪೋರ್ಟ್ ಬದಲಿಸಿದೆ. ಒಳಗಿದ್ದ ಚಿಪ್ ನಕಲಿ. ಅಸಲಿ ಚಿಪ್ಪಿನ ಡ್ರೈವರ್ ಅದನ್ನು ಒಪ್ಪುತ್ತಿರಲಿಲ್ಲ. ಕೊನೆಗೆ ಎಫ್‌ಟಿಡಿಐ ಚಿಪ್ ಇರುವ ಅಡಾಪ್ಟರ್ ತಂದೆ, ಚುಚ್ಚಿದೆ, ಪುಟ್ಟಿ (ಕಮಾಂಡ್ ಟೈಪ್ ಮಾಡುವ ಸಾಫ್ಟ್‌ವೇರ್) ತೆರೆದು ವೇಗ 9600 ಕೊಟ್ಟೆ, ಎಂಟರ್ ಒತ್ತಿದೆ, ಪ್ರಾಂಪ್ಟ್ ಬಂತು. ಅಷ್ಟೇ. ಎಲ್ಲ ಕಡೆ ಉಳಿಸಿ, ಇಲ್ಲಿ ಉಳಿಸಬೇಡಿ. ಅಕ್ಷರದ ಬದಲು ಚಿತ್ರವಿಚಿತ್ರ ಗುರುತುಗಳು ಬಂದರೆ ವೇಗ ತಪ್ಪಿದೆ ಅಂತ ತಿಳಿಯಿರಿ. ಓದೋಕೆ ಬರುತ್ತೆ ಆದರೆ ಟೈಪ್ ಮಾಡಿದ್ದು ಹೋಗುತ್ತಿಲ್ಲ ಅಂದರೆ ಫ್ಲೋ ಕಂಟ್ರೋಲ್ ತೆಗೆದು ನೋಡಿ.

ಪಾಸ್‌ವರ್ಡ್ ವಿಷಯಕ್ಕೆ ವಾಪಸ್. ಸ್ವಿಚ್ಚಿನ ಮುಂಭಾಗದಲ್ಲಿ ಮೋಡ್ ಅನ್ನೋ ಒಂದು ಸಣ್ಣ ಗುಂಡಿ. ಅದನ್ನು ಒತ್ತಿ ಹಿಡಿದೇ ಪವರ್ ಕೇಬಲ್ ಸಿಕ್ಕಿಸಬೇಕು, ಸಿಸ್ಟ್ ಅಂತ ಬರೆದಿರುವ ದೀಪ ನೋಡುತ್ತಾ ಕೂರಬೇಕು. ಮೊದಲೆರಡು ಸಲ ಬೇಗ ಬಿಟ್ಟೆ, ಅದು ಎಂದಿನಂತೆ ಬೂಟ್ ಆಗಿ ಪಾಸ್‌ವರ್ಡ್ ಕೇಳಿತು. ಮೂರನೇ ಸಲ ಬೆರಳು ನೋಯುವಷ್ಟು ಹಿಡಿದೆ, ಸ್ವಿಚ್ ಅಂತ ಒಂದೇ ಪದದ ಪ್ರಾಂಪ್ಟ್ ಬಂತು. ಅಲ್ಲಿ ಫ್ಲ್ಯಾಶ್ ಇನಿಟ್ ಕಮಾಂಡ್ ಕೊಟ್ಟು, ಕಾನ್ಫಿಗ್ ಡಾಟ್ ಟೆಕ್ಸ್ಟ್ ಫೈಲಿನ ಹೆಸರು ಬದಲಿಸಿ, ಬೂಟ್ ಅಂದೆ. ಖಾಲಿ ಸ್ವಿಚ್ ಸಿಕ್ಕಿತು. ಖಾಲಿ ಅಂತ ನಾನು ಅಂದುಕೊಂಡೆ.

ಖುಷಿಯಲ್ಲಿ ಅದನ್ನು 3560ಗೆ ಟ್ರಂಕ್ ಮಾಡಿದೆ. (3560ರಲ್ಲಿ ಮೊದಲು ಟ್ರಂಕ್ ಎನ್‌ಕ್ಯಾಪ್ಸುಲೇಷನ್ ಡಾಟ್1ಕ್ಯು ಅಂತ ಹೇಳದಿದ್ದರೆ ಟ್ರಂಕ್ ಮೋಡ್ ಒಪ್ಪುವುದಿಲ್ಲ, 2960ಗೆ ಆ ಕಮಾಂಡೇ ಇಲ್ಲ, ಅದಕ್ಕೆ ಗೊತ್ತಿರುವುದು ಅದೊಂದೇ.) ಸ್ವಲ್ಪ ಹೊತ್ತಿಗೆ 3560ರಲ್ಲಿ ಶೋ ವಿಲ್ಯಾನ್ ಕೊಟ್ಟರೆ ನಾನು ಮಾಡಿಟ್ಟಿದ್ದ 10, 20, 30 ಮಾಯ. ಅವುಗಳ ಜಾಗದಲ್ಲಿ ಯಾರದೋ ಆಫೀಸಿನ ವಿಲ್ಯಾನ್‌ಗಳು, ಹೆಸರು ಸಮೇತ: ಅಕೌಂಟ್ಸ್, ಕ್ಯಾಮೆರಾ, ಗೆಸ್ಟ್. ಮನೆಗೆ ಯಾರೋ ನುಗ್ಗಿ ನಮ್ಮ ಪಾತ್ರೆ ಎಸೆದು ಅವರದು ಜೋಡಿಸಿಟ್ಟ ಹಾಗೆ.

ಆಗಿದ್ದು ಇಷ್ಟು. ವಿಲ್ಯಾನ್ ಪಟ್ಟಿ ಇರುವುದು ಕಾನ್ಫಿಗ್ ಫೈಲಿನಲ್ಲಲ್ಲ, ಫ್ಲ್ಯಾಶ್‌ನಲ್ಲಿರುವ ವಿಲ್ಯಾನ್ ಡಾಟ್ ಡ್ಯಾಟ್ ಅನ್ನೋ ಬೇರೆ ಫೈಲಿನಲ್ಲಿ. ಅದನ್ನು ನಾನು ಮುಟ್ಟಿರಲಿಲ್ಲ. ವಿಟಿಪಿ (ಒಂದು ಸ್ವಿಚ್ಚಿನ ವಿಲ್ಯಾನ್ ಪಟ್ಟಿಯನ್ನು ಉಳಿದವಕ್ಕೆ ಹಂಚುವ ಪ್ರೋಟೋಕಾಲ್) ಡೊಮೈನ್ ಹೆಸರೂ ರಿವಿಷನ್ ನಂಬರೂ ಅದರೊಳಗೇ ಇದ್ದವು. ನನ್ನ 3560ಗೆ ಡೊಮೈನೇ ಇಟ್ಟಿರಲಿಲ್ಲ, ಟ್ರಂಕ್ ಮೇಲೆ ಕೇಳಿಸಿದ ಮೊದಲ ಹೆಸರನ್ನೇ ತನ್ನದು ಮಾಡಿಕೊಂಡಿತು, ರಿವಿಷನ್ ನಂಬರ್ ದೊಡ್ಡದಿದ್ದ ಆ ಕಡೆಯ ಪಟ್ಟಿಯನ್ನು ಪೂರ್ತಿ ಒಪ್ಪಿಕೊಂಡಿತು. ಪುಸ್ತಕದಲ್ಲಿ ವಿಟಿಪಿ ಬಗ್ಗೆ ಇರುವ ಎಚ್ಚರಿಕೆಯನ್ನು ಎರಡು ಸಲ ಓದಿ ಮರೆತಿದ್ದೆ, ಆಮೇಲೆ ಮರೆತಿಲ್ಲ. ಆ ಫೈಲ್ ಅಳಿಸಿ ರಿಲೋಡ್ ಮಾಡಿದೆ, ಎಲ್ಲ ಸ್ವಿಚ್ಚನ್ನೂ ಬೇರೆಯವರ ಪಟ್ಟಿ ಒಪ್ಪದ ಟ್ರಾನ್ಸ್‌ಪರೆಂಟ್ ಮೋಡ್‌ಗೆ ಹಾಕಿದೆ. ನೀವೇ ಯಾವತ್ತಾದರೂ ಹಳೇ ಸ್ವಿಚ್ ಮಾರಿದರೆ ದಯವಿಟ್ಟು ಎರಡೂ ಫೈಲ್ ಅಳಿಸಿ ಕೊಡಿ, ನಿಮ್ಮ ಆಫೀಸಿನ ಒಳಗಿನ ನಕ್ಷೆ ಅದರ ಜೊತೆ ಹೋಗುತ್ತಿರುತ್ತದೆ.

ರೌಟರ್ ಪೂರ್ತಿ ಬಿಡಲಿಲ್ಲ, ಒಂದು 1841 ತಂದೆ. ಎರಡು ಫಾಸ್ಟ್ ಈಥರ್ನೆಟ್ ಪೋರ್ಟ್, ಕೆ9 ಇರುವ ಐಒಎಸ್, ಫೋಟೋ ತರಿಸಿ ನೋಡಿಯೇ ಕೊಂಡೆ. ಪಾಸ್‌ವರ್ಡ್ ಗೊತ್ತಿಲ್ಲದ ರೌಟರ್ ತೆರೆಯೋದು ಹೇಗೆ ಅಂತ ತಿಳಿಯೋಕೆ ಒಂದು ಸಲವಾದರೂ ಬ್ರೇಕ್ ಒತ್ತಿ ರಾಮ್‌ಮನ್‌ಗೆ (ಐಒಎಸ್ ಏಳುವ ಮುಂಚಿನ ಪ್ರಾಂಪ್ಟ್) ಹೋಗಿ, ಕಾನ್ಫಿಗ್ ರಿಜಿಸ್ಟರನ್ನು 2142 ಮಾಡಿ, ಕೆಲಸ ಮುಗಿದಮೇಲೆ 2102ಕ್ಕೆ ತರೋದನ್ನು ಕೈಯಾರೆ ಮಾಡಬೇಕಿತ್ತು. (ವಾಪಸ್ ತರೋದು ಮರೆತರೆ ಪ್ರತಿ ರಿಲೋಡಿಗೂ ರೌಟರ್ ಕಾನ್ಫಿಗ್ ಓದದೆ ಖಾಲಿಯಾಗಿ ಏಳುತ್ತದೆ. ಮರೆತಿದ್ದೆ.) ಉಳಿದ ರೌಟರ್‌ಗಳೆಲ್ಲ ಜಿಎನ್‌ಎಸ್ 3ರಲ್ಲಿ, ಲ್ಯಾಪ್‌ಟಾಪಿನ ಈಥರ್ನೆಟ್ ಪೋರ್ಟ್ ಮೂಲಕ ನಿಜವಾದ ಸ್ವಿಚ್ಚಿಗೆ ಜೋಡಿಸಿದ್ದೆ. ಅಲ್ಲೂ ಒಂದು ರಾತ್ರಿ ಹೋಯಿತು. ಟ್ಯಾಗ್ ಇಲ್ಲದ ಪ್ಯಾಕೆಟ್ ಹೋಗುತ್ತೆ, ವಿಲ್ಯಾನ್ ಟ್ಯಾಗ್ ಇರೋದು ಮಾತ್ರ ಬರಲ್ಲ. ವಿಂಡೋಸ್‌ನಲ್ಲಿ ನನ್ನ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಬಂದ ಫ್ರೇಮಿನಿಂದ ಟ್ಯಾಗ್ ಕಿತ್ತುಹಾಕಿಯೇ ಒಳಗೆ ಬಿಡುತ್ತಿತ್ತು. ಲಿನಕ್ಸ್‌ನಲ್ಲಿ ಬೂಟ್ ಮಾಡಿ ಅದೇ ಲ್ಯಾಬ್ ತೆರೆದೆ, ಮೊದಲ ಪಿಂಗಿಗೇ ಉತ್ತರ ಬಂತು.

ಮೂರು ಸ್ವಿಚ್ಚನ್ನು ತ್ರಿಕೋನದ ಹಾಗೆ ಜೋಡಿಸಿದ ಸಂಜೆ ಮಾತ್ರ ಬೇರೆ. ಪ್ಯಾಕೆಟ್ ಸುತ್ತುತ್ತಲೇ ಇರದಂತೆ ಸ್ಪ್ಯಾನಿಂಗ್ ಟ್ರೀ ಅನ್ನೋ ಪ್ರೋಟೋಕಾಲ್ ಒಂದು ಪೋರ್ಟನ್ನು ಮುಚ್ಚಿಡುತ್ತದೆ. ಆ ಪೋರ್ಟ್ ಕಿತ್ತಳೆ, ಬಾಕಿ ಎಲ್ಲ ಹಸಿರು. ಹಸಿರಿದ್ದ ಒಂದು ಕೇಬಲ್ ಎಳೆದೆ. ಕಿತ್ತಳೆ ಹಾಗೇ ಇತ್ತು. ಎಣಿಸುತ್ತಾ ಕೂತೆ: ಲಿಸನಿಂಗ್ 15 ಸೆಕೆಂಡ್, ಲರ್ನಿಂಗ್ 15 ಸೆಕೆಂಡ್, ಮೂವತ್ತರ ಹತ್ತಿರ ಬಂದಾಗ ಹಸಿರಾಯಿತು. ಅಷ್ಟು ಹೊತ್ತೂ ಪಕ್ಕದ ಸ್ಕ್ರೀನಿನಲ್ಲಿ ಪಿಂಗ್ ಸತ್ತಿತ್ತು. ಪ್ಯಾಕೆಟ್ ಟ್ರೇಸರಿನಲ್ಲಿ ಇದೇ ಲ್ಯಾಬನ್ನು ಎಷ್ಟು ಸಲ ಮಾಡಿದ್ದೆನೋ, ಆದರೆ ಅಲ್ಲಿ ಸಮಯ ಓಡಿಸುವ ಗುಂಡಿ ಇದೆ, ನಾನು ಯಾವಾಗಲೂ ಅದನ್ನೇ ಒತ್ತುತ್ತಿದ್ದೆ. ಮೂವತ್ತು ಸೆಕೆಂಡ್ ಎಷ್ಟು ಉದ್ದ ಅಂತ ಗೊತ್ತೇ ಇರಲಿಲ್ಲ. ರ್‍ಯಾಪಿಡ್ ಪಿವಿಎಸ್‌ಟಿಗೆ (ಸ್ಪ್ಯಾನಿಂಗ್ ಟ್ರೀಯ ವೇಗದ ರೂಪ) ಬದಲಿಸಿ ಮತ್ತೆ ಕೇಬಲ್ ಎಳೆದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು ಯೋಚಿಸಲೇ ಇಲ್ಲ.

ಪರೀಕ್ಷೆ ಪಾಸಾಯಿತು. 3560 ಬೀರುವಿನ ಮೇಲೆ ಸೇರಿತು, 1841 ಒಬ್ಬ ಗೆಳೆಯನ ಮನೆಗೆ ಹೋಯಿತು. ಸದ್ದಿಲ್ಲದ ಆ ಎಂಟು ಪೋರ್ಟಿನ 2960 ಮಾತ್ರ ಈಗ ಮನೆಯ ಸ್ವಿಚ್. ಹೋದ ವಾರ ತಮ್ಮ ಹೊಸ ಲ್ಯಾಪ್‌ಟಾಪ್ ತಂದು ತನ್ನ ಮೇಜಿನ ಕೇಬಲ್ ಸಿಕ್ಕಿಸಿದ.

"ಅಣ್ಣಾ, ನೆಟ್ ಹೋಯ್ತು. ಹಳೇ ಲ್ಯಾಪ್‌ಟಾಪ್‌ಗೆ ಹಾಕಿದ್ರೂ ಬರ್ತಿಲ್ಲ."

ಹೋಗಿ ನೋಡಿದೆ. ಅವನ ಪೋರ್ಟಿನ ದೀಪ ಆರಿದೆ. ಅಭ್ಯಾಸಕ್ಕೆ ಅಂತ ಆ ಪೋರ್ಟ್ ಅವನ ಹಳೇ ಲ್ಯಾಪ್‌ಟಾಪಿನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಒಂದನ್ನೇ ನೆನಪಿಟ್ಟುಕೊಂಡು ಒಳಗೆ ಬಿಡುವ ಹಾಗೆ ಪೋರ್ಟ್ ಸೆಕ್ಯುರಿಟಿ ಹಾಕಿ, ತೆಗೆಯೋದು ಮರೆತಿದ್ದೆ. ಎರಡನೇ ಅಡ್ರೆಸ್ ಕಂಡದ್ದೇ ತಡ, ಎರರ್ ಡಿಸೇಬಲ್ಡ್, ಅಂದರೆ ಸ್ವಿಚ್ಚೇ ಪೋರ್ಟ್ ಮುಚ್ಚಿಬಿಟ್ಟಿದೆ.

"ಐದು ನಿಮಿಷ ಇರು, ಕೇಬಲ್ ಲೂಸ್ ಆಗಿರಬೇಕು" ಅಂತ ಹೇಳಿ, ಆ ತಿಳಿನೀಲಿ ಕೇಬಲ್ ಎಲ್ಲಿಟ್ಟೆ ಅಂತ ಹುಡುಕೋಕೆ ಹೋದೆ.